ಮಂಗಳಾರತಿಗೆ ನಿಲ್ಲಿಸಿದ ಫ್ಯಾನ್

ಅಥವಾ ಲೋಟ ಬಿದ್ದದ್ದೇ ಮೊದಲಿರಬಹುದು, ಸುಟ್ಟ ವಾಸನೆ ಆಮೇಲೆ. ಇಷ್ಟು ವರ್ಷ ನಾನು ಇದನ್ನು ಹೇಳುತ್ತ ಬಂದದ್ದು ಇನ್ನೊಂದು ಥರ: ವಾಸನೆ ಬಂತು, ಒಳಗೆ ಓಡಿದೆ, ನೋಡಿದರೆ ಲೋಟ ನೆಲದ ಮೇಲಿತ್ತು. ಹೇಳಿ ಹೇಳಿ ಅದು ನುಣ್ಣಗಾಗಿದೆ. ಅಷ್ಟು ನುಣುಪಾದ ನೆನಪನ್ನು ಕಂಡರೆ ನನಗೆ ಈಗ ಅನುಮಾನ. ಗೇಟಿನ ಹತ್ತಿರ ಕರ್ಪೂರ, ಊದಿನಕಡ್ಡಿ, ಕಾರಿನ ಹೊಗೆ ಎಲ್ಲ ಬೆರೆತ ಗಾಳಿಯಲ್ಲಿ ನಿಂತವನಿಗೆ, ಹಿಂದಿನ ಔಟ್‌ಹೌಸಿನ ಒಳಗಿನ ವಾಸನೆ ಹೇಗೆ ತಿಳಿಯುತ್ತದೆ? ತಿಳಿಯುವುದಿಲ್ಲ. ಹಾಗಾದರೆ ನಾನು ಒಳಗೆ ಹೋದದ್ದು ಯಾಕೆ?

ಖಚಿತವಾಗಿ ಗೊತ್ತಿರುವುದರಿಂದ ಶುರು ಮಾಡಿದರೆ ಒಳ್ಳೆಯದು. ತ್ಯಾಗರಾಜನಗರದಲ್ಲಿ ಓನರ್ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ, ಅಮ್ಮ, ತಂಗಿ, ನಾನು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಅಪ್ಪನಿಗೆ ಲಕ್ವ ಹೊಡೆದಿತ್ತು. ಜಯನಗರದ ಒಂದು ಸೀರೆ ಅಂಗಡಿಯಲ್ಲಿ, ಬಿಳಿ ಹಾಸಿನ ಮೇಲೆ ಕೂತು, ದಿನವಿಡೀ ಸೀರೆ ಬಿಚ್ಚಿ ಹರವುತ್ತ, ಬಂದ ಹೆಂಗಸರನ್ನೆಲ್ಲ ಅಕ್ಕ ಅಮ್ಮ ಎಂದು ಮಾತಾಡಿಸುತ್ತ ಬದುಕಿದ ಮನುಷ್ಯನಿಗೆ ಬಲಗೈ, ಬಲಗಾಲು ಹೋದವು. ಅವುಗಳ ಜೊತೆ ಮಾತೂ ಹೋಯಿತು. ಎಡಗೈ ಉಳಿದಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ನೀರು ತುಂಬಿದ ಸ್ಟೀಲ್ ಲೋಟ, ಒಂದು ಚಮಚ ಇಟ್ಟಿದ್ದೆವು. ಏನಾದರೂ ಬೇಕಾದರೆ ಅವರು ಚಮಚದಿಂದ ಲೋಟಕ್ಕೆ ಬಡಿಯಬೇಕು. ನೀರು, ಮೂತ್ರದ ಪಾಟ್, ಸೊಳ್ಳೆ, ಬೇಸರ, ಎಲ್ಲಕ್ಕೂ ಒಂದೇ ಸದ್ದು.

ಅಮ್ಮ ಹತ್ತಿರದ ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು, ತಂಗಿ ಕಾಲೇಜಿಗೆ. ಹಗಲು ಅಪ್ಪನ ಜೊತೆ ಇರಬೇಕಾದವನು ನಾನು. ಅದಕ್ಕಾಗಿ ಮನೆಯಲ್ಲೇ ಮಾಡಬಹುದಾದ ಕೆಲಸ ಹಿಡಿದಿದ್ದೆ: ಮದುವೆ ವೀಡಿಯೋಗಳಿಗೆ ಟೈಟಲ್ ಮಾಡಿಕೊಡುವುದು. ಗುಲಾಬಿ ದಳಗಳು ಮೇಲಿನಿಂದ ಉದುರುತ್ತವೆ, ಎರಡು ಹೃದಯಗಳು ಎಲ್ಲಿಂದಲೋ ಬಂದು ಒಂದಾಗುತ್ತವೆ, ಚಿನ್ನದ ಬಣ್ಣದ 'ಶುಭವಿವಾಹ' ನಿಧಾನವಾಗಿ ತಿರುಗಿ ನಮ್ಮ ಕಡೆ ಮುಖ ಮಾಡುತ್ತದೆ. ಅದೊಂದು ತಿರುಗುವುದಕ್ಕೆ ನನ್ನ ಕಂಪ್ಯೂಟರ್ ಅರ್ಧ ದಿನ ಏದುಸಿರು ಬಿಡುತ್ತಿತ್ತು. ಸ್ಟುಡಿಯೋದವರು ಅಷ್ಟು ಕಾಯುವವರಲ್ಲ. ಇಲ್ಲಿಗೇ ಬಂದು ನಮ್ಮ ಮಿಷಿನ್ನಿನಲ್ಲಿ ಮಾಡು ಎನ್ನುತ್ತಿದ್ದರು. ಹೋದರೆ ಅಪ್ಪ ಒಬ್ಬರೇ. ಹೋಗದೆ ಇರಬೇಕಾದರೆ ಮನೆಯ ಯಂತ್ರ ಬೇಗ ಓಡಬೇಕು.

ಹಾಗೆ ನಾನು ಓವರ್‌ಕ್ಲಾಕಿಂಗಿಗೆ ಇಳಿದೆ. ಪ್ರೊಸೆಸರ್ ಇಷ್ಟು ವೇಗದಲ್ಲಿ ಓಡಲಿ ಎಂದು ಮಾಡಿದವರು ಗೊತ್ತುಮಾಡಿರುತ್ತಾರೆ. ಅದನ್ನು ಮೀರಿ ಓಡಿಸುವುದೇ ಆ ವಿದ್ಯೆ. ಹೇಳಿಕೊಟ್ಟವನು ಬಿಟಿಎಂ ಲೇಔಟಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದ ಗೆಳೆಯ. ಗದಗದ ಕಡೆಯವನು. ಬೆಂಗಳೂರಿಗೆ ಬಂದು 'ಮಗಾ' ಎನ್ನುವುದನ್ನು ಕಲಿತಿದ್ದ, ಮಿಕ್ಕದ್ದೇನನ್ನೂ ಕಲಿಯಲು ಒಪ್ಪಿರಲಿಲ್ಲ.

"ಲೇ ಮಗಾ, ಇದು ಎತ್ತಿನ ಗಾಡಿ ಅಲ್ಲ, ಬಾರುಕೋಲು ಬೀಸಿದ್ರ ಓಡಾಕ. ಒಂದ್ ಮೆಟ್ಲ ಏರಿಸು. ಇಡೀ ದಿನ ದುಡಿಸಿ ನೋಡು. ತಡಕೊಂಡ್ರ ಮುಂದಿನ ಮೆಟ್ಲ."

"ಹ್ಯಾಂಗ್ ಆದ್ರೆ?"

"ಹಿಂದ್ ಬಾ. ನಾಚಿಕಿ ಪಡಬ್ಯಾಡ. ವೋಲ್ಟೇಜ್ ಮಾತ್ರ ಮುಟ್ಟಬ್ಯಾಡ ನೋಡಪಾ. ಅದು ನಮ್ಮೂರ ಕೆಂಪ್ ಚಟ್ನಿ ಇದ್ದಂಗ. ತಿನ್ನಾಗ ಏನೂ ಅನ್ಸಂಗಿಲ್ಲ, ಆಮ್ಯಾಲ ಗೊತ್ತಾಕ್ಕತಿ."

ಪ್ರೊಸೆಸರಿನ ಮೇಲೆ ಕೂತು ಅದರ ಶಾಖ ಹೀರುವ ಅಲ್ಯೂಮಿನಿಯಂ ದಿಮ್ಮಿಯನ್ನು ಬದಲಿಸಿ, ದೊಡ್ಡದೊಂದನ್ನು ಅವನೇ ಕೂರಿಸಿದ. ಎರಡರ ನಡುವೆ ಶಾಖ ದಾಟಿಸುವ ಬಿಳಿ ಪೇಸ್ಟ್ ಹಚ್ಚುವಾಗ, "ಅಕ್ಕಿಕಾಳಷ್ಟು ಸಾಕು. ನೀವ್ ಬೆಂಗ್ಳೂರ್ ಮಂದಿ ದ್ವಾಸಿಗೆ ಬೆಣ್ಣಿ ಮೆತ್ತಿದಂಗ ಮೆತ್ತಬ್ಯಾಡ," ಎಂದ. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದಿಡುವುದು ಬೇಡ, ಮುಚ್ಚಿದ್ದರೇ ಗಾಳಿ ಒಂದು ದಾರಿಯಲ್ಲಿ ಒಳಗೆ ಹೋಗಿ ಇನ್ನೊಂದರಲ್ಲಿ ಹೊರಗೆ ಬರುತ್ತದೆ ಎಂದೂ ಹೇಳಿದ. ಇದೊಂದು ಬುದ್ಧಿಮಾತು ನಮ್ಮ ಮನೆಯಲ್ಲಿ ನಡೆಯಲಿಲ್ಲ. ತಗಡು ಮುಚ್ಚಿದರೆ ಪರದೆಯ ಮೇಲೆ ಡಿಗ್ರಿ ಏರುತ್ತಿತ್ತು. ತೆಗೆದು, ಎದುರಿಗೆ ಟೇಬಲ್ ಫ್ಯಾನ್ ಇಟ್ಟರೆ ಇಳಿಯುತ್ತಿತ್ತು. ಹಾಗೇ ಇಟ್ಟೆ.

ಆ ಫ್ಯಾನ್ ತಂದದ್ದು ಅಪ್ಪನಿಗಾಗಿ. ಮಲಗಿದಲ್ಲೇ ಮಲಗಿ ಬೆನ್ನು ಹುಣ್ಣಾಗಬಾರದು, ಗಾಳಿಯಾಡಬೇಕು ಎಂದು ಡಾಕ್ಟರು ಹೇಳಿದ್ದರು. ಅಮ್ಮ ಸಂಜೆ ಬಂದು ಚಪ್ಪಲಿ ಬಿಡುವಾಗಲೇ ನೋಡುತ್ತಿದ್ದಳು.

"ಗಂಡಂಗೆ ಅಂತ ತಂದ ಫ್ಯಾನು, ಡಬ್ಬಕ್ಕೆ ಗಾಳಿ ಹಾಕ್ತಾ ಇದೆ."

"ಅಪ್ಪಂಗೆ ಮೇಲಿನ ಫ್ಯಾನ್ ಇದ್ಯಲ್ಲಮ್ಮ."

ಅವಳು ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಅಂಗೈ ಇಡುತ್ತಿದ್ದಳು. ಚಿಕ್ಕಂದಿನಲ್ಲಿ ನಮ್ಮ ಹಣೆಗೆ ಇಟ್ಟು ನೋಡುತ್ತಿದ್ದ ಅಂಗೈ.

"ಜ್ವರ ಬಂದಿದೆ ಕಣೋ ಇದಕ್ಕೆ."

"ಅಷ್ಟು ಬಿಸಿ ಇರತ್ತಮ್ಮ."

"ಇರತ್ತಂತೆ. ಯಾವ ಡಾಕ್ಟ್ರು ಹೇಳಿದ್ದು? ಆ ಗದಗಿನೋನಾ?"

ನಾನು ನಗುತ್ತಿದ್ದೆ. ಆದರೆ ಅವಳಿಗಿಂತ ಹೆಚ್ಚು ಹೆದರಿದ್ದವನು ನಾನು. ಮೂರು ಪಿನ್ನಿನ ಸಾಕೆಟ್ ಇದ್ದದ್ದು ಮುಂದಿನ ಕೋಣೆಯಲ್ಲಿ ಮಾತ್ರ. ಅಪ್ಪನ ಮಂಚವೂ ಅಲ್ಲೇ. ಯಂತ್ರ ಅವರ ಕಾಲ್ದೆಸೆಯಲ್ಲಿ ಒಂದು ಕಬ್ಬಿಣದ ಮೇಜಿನ ಮೇಲಿತ್ತು. ಅದರ ವಯರುಗಳೆಲ್ಲ ಹೋಗಿ ಸೇರುವ ಸ್ಪೈಕ್ ಬಸ್ಟರ್, ಸಾಲಾಗಿ ಪ್ಲಗ್ ಚುಚ್ಚುವ ಆ ಉದ್ದನೆಯ ಹಲಗೆ, ನೆಲದ ಮೇಲೆ. ಪ್ರೊಸೆಸರ್ ಸುಟ್ಟರೆ ಸುಡಲಿ, ಅದು ಉಗುರಿನಷ್ಟು ವಸ್ತು. ಆದರೆ ವಯರು ಕಾಯಿತು, ಕಿಡಿ ಹಾರಿತು, ಹೊದಿಕೆಯ ಅಂಚು ಹಿಡಿಯಿತು ಅನ್ನೋಣ. ಅಪ್ಪ ಎದ್ದು ಹೋಗಲಾರರು. ಕೂಗಲಾರರು. ಚಮಚದಿಂದ ಲೋಟಕ್ಕೆ ಬಡಿಯುತ್ತಾರೆ. ಆ ಹೊತ್ತಿಗೆ ನಾನು ಹಾಲಿನ ಅಂಗಡಿಯಲ್ಲೋ ಬಚ್ಚಲಲ್ಲೋ ಇರುತ್ತೇನೆ. ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೆನೆಂದರೆ, ನಿಜವಾಗಿ ನಡೆದದ್ದಕ್ಕೂ ಅದಕ್ಕೂ ಈಗ ಬಣ್ಣ ಒಂದೇ. ಹಾಲು ತರಲು ಹೋದವನು ಪ್ಯಾಕೆಟ್ ಕೈಗೆ ಬಂದ ಮೇಲೆ ಓಡುತ್ತ ಬರುತ್ತಿದ್ದೆ. ಮೇಲೇರಿಸಿದ ಪ್ರತಿ ಮೆಟ್ಟಿಲಿಗೂ ಅಪ್ಪನ ಹೊದಿಕೆಯನ್ನು ಕಾಲ್ದೆಸೆಯಿಂದ ಇನ್ನಷ್ಟು ಮೇಲಕ್ಕೆ ಮಡಚುತ್ತಿದ್ದೆ.

ಅಪ್ಪ? ಅವರು ನೋಡುತ್ತಿದ್ದರು. ಮಲಗಿದವರ ಮುಖಕ್ಕೆ ನೇರವಾಗಿ ಪರದೆ, ಪರದೆಯ ಪಕ್ಕ ಹೊಟ್ಟೆ ತೆರೆದ ಕ್ಯಾಬಿನೆಟ್. ಅವರ ಕಣ್ಣು ಎರಡರಲ್ಲಿ ಯಾವುದರ ಮೇಲಿತ್ತು ಎಂದು ಹೇಳುವುದು ಕಷ್ಟ. ತಿರುಗುವ 'ಶುಭವಿವಾಹ' ನೋಡಿ, ಅಂಗಡಿಗೆ ಬರುತ್ತಿದ್ದ ಮದುವೆಯ ಹೆಣ್ಣುಗಳನ್ನು ನೆನೆಯುತ್ತಿದ್ದಾರೆ ಎಂದು ತಂಗಿ ಹೇಳುತ್ತಿದ್ದಳು. ಒಂದು ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಲಕ್ವ ಹೊಡೆದವರಿಗೆ ಅದು ಸುಮ್ಮನೆಯೂ ಇಳಿಯುತ್ತದೆಯಂತೆ.

ಇನ್ನು ಆಯುಧಪೂಜೆಯ ದಿನ. ಬೆಳಗ್ಗೆಯೇ, ಹನ್ನೊಂದಕ್ಕೂ ಮುಂಚೆ.

ಆ ದಿನ ಆಯುಧಗಳಿಗೆ ವಿಶ್ರಾಂತಿ. ಈಳಿಗೆಮಣೆ, ಹೊಲಿಗೆ ಮಿಷಿನ್ನು, ಸ್ಕೂಟರು, ಎಲ್ಲವನ್ನೂ ತೊಳೆದು, ಒರೆಸಿ, ವಿಭೂತಿ ಬಳಿದು, ಹೂವಿಟ್ಟು ಸುಮ್ಮನೆ ಬಿಡಬೇಕು. ನನ್ನ ಯಂತ್ರ ಮಾತ್ರ ಓಡುತ್ತಿತ್ತು.

"ಇವತ್ತೊಂದಿನ ಅದಕ್ಕೂ ರಜ ಕೊಡೋ," ಎಂದಳು ಅಮ್ಮ.

"ಅರ್ಧ ಆಗಿದೆ. ಈಗ ನಿಲ್ಸಿದ್ರೆ ಮತ್ತೆ ಮೊದಲಿಂದ. ನಾಳೆ ಹುಡುಗಿ ಮನೆಯೋರು ಸೀಡಿಗೆ ಬರ್ತಾರೆ."

"ಓಡ್ತಾ ಇರೋದಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ?"

"ಮಾಡು, ಏನಾಗಲ್ಲ. ಒಳಗಡೆ ಮಾತ್ರ ಅಕ್ಷತೆ ಹಾಕ್ಬೇಡ."

ಅವಳು ಮೊದಲು ಅಪ್ಪನ ಹಣೆಗೆ ವಿಭೂತಿ ಹಚ್ಚಿದಳು. ಅದೇ ಬೆರಳುಗಳಲ್ಲಿ ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಎಳೆದಳು, ಅದೇ ಅಳತೆಯಲ್ಲಿ. ಆಮೇಲೆ ಮಂಗಳಾರತಿ. ಕರ್ಪೂರ ಹತ್ತಿಸಿದರೆ ಟೇಬಲ್ ಫ್ಯಾನಿನ ಗಾಳಿಗೆ ಆರಿತು. ಮತ್ತೆ ಹತ್ತಿಸಿದಳು, ಮತ್ತೆ ಆರಿತು. ಆರತಿ ಆರುವುದು ಅಪಶಕುನ, ಅದೂ ಅಂಥ ಮನೆಯಲ್ಲಿ. ಯಾವ ಮನೆಯಲ್ಲಾದರೂ ಆ ಕ್ಷಣ ಮಾಡುವುದು ಒಂದೇ ಕೆಲಸ: ಫ್ಯಾನ್ ನಿಲ್ಲಿಸುವುದು. ಯಾರೂ ಯೋಚಿಸುವುದಿಲ್ಲ, ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಟೇಬಲ್ ಫ್ಯಾನ್ ನಿಂತಿತು. ಮೇಲಿನ ಫ್ಯಾನೂ ನಿಂತಿತು. ಜ್ವಾಲೆ ನೆಟ್ಟಗೆ ನಿಂತಿತು. ನಾವು ಕಣ್ಣಿಗೊತ್ತಿಕೊಂಡೆವು, ಅಪ್ಪನ ಎಡಗೈ ಹಿಡಿದು ಆರತಿಗೆ ಸೋಕಿಸಿದೆವು, ತಟ್ಟೆ ಎತ್ತಿಕೊಂಡು ಸ್ಕೂಟರಿಗೆ ಪೂಜೆ ಮಾಡಲು ಗೇಟಿನ ಕಡೆ ಹೋದೆವು.

ಫ್ಯಾನುಗಳನ್ನು ಮತ್ತೆ ಹಾಕಲು ಯಾರಿಗೂ ನೆನಪಾಗಲಿಲ್ಲ.

ನಿಲ್ಲಿಸಿದ್ದು ಯಾರು? ನನ್ನ ನೆನಪಿನಲ್ಲಿ ತಂಗಿ, "ಅಯ್ಯೋ ಆರೋಗತ್ತೆ, ಆರೋಗತ್ತೆ," ಎನ್ನುತ್ತ ಗೋಡೆಯ ಕಡೆ ಕೈ ಚಾಚಿದ್ದಾಳೆ, ಬಳೆಯ ಸದ್ದು ಕೂಡ ಕೇಳಿಸುತ್ತದೆ. ಮೊನ್ನೆ ಕೇಳಿದರೆ ಅವಳು, "ನಾನು ಒಳಗೆ ಇರ್ಲೇ ಇಲ್ವಲ್ಲೋ ಅಣ್ಣ, ಗೇಟ್ ಹತ್ರ ರಂಗೋಲಿ ಹಾಕ್ತಾ ಇದ್ದೆ. ಕಾರ್ ಹಿಂದಕ್ಕೆ ಬಂದು ಅರ್ಧ ರಂಗೋಲಿ ಅಳಿಸಿ ಹೋಯ್ತು, ಓನರ್ ಅಂಕಲ್ ಜೊತೆ ಜಗಳ ಆಡಿದ್ದೆ," ಎಂದಳು. ರಂಗೋಲಿ ಅಳಿಸಿದ್ದು ನನಗೂ ನೆನಪಿದೆ. ಹಾಗಾದರೆ ಬಳೆ ಯಾರದು?

ಗೇಟಿನಲ್ಲಿ ಓನರ್ ಅಂಕಲ್ಲಿನ ಕಾರು, ಅದರ ಹಿಂದೆ ನಮ್ಮ ಸ್ಕೂಟರು. ಗಾಲಿಗಳ ಕೆಳಗೆ ನಿಂಬೆಹಣ್ಣು. ಅಂಕಲ್ ಸ್ಟಿಯರಿಂಗ್ ಹಿಂದೆ ಕೂತು ಹಾರ್ನ್ ಒತ್ತುತ್ತಿದ್ದರು, ಬೀದಿಯ ತುಂಬ ಎಲ್ಲರ ಮನೆಯ ಹಾರ್ನೂ ಕೂಗುತ್ತಿತ್ತು.

"ಏನಯ್ಯಾ, ನಿನ್ನ ಕಂಪ್ಯೂಟರ್‌ಗೂ ನಿಂಬೆಹಣ್ಣು ಇಟ್ಯಾ? ಯಾವ ಗಾಲಿ ಕೆಳಗೆ?"

"ಅದಕ್ಕೆ ಗಾಲಿ ಇಲ್ಲ ಅಂಕಲ್."

"ಮತ್ತೆ ಅಷ್ಟು ಸ್ಪೀಡು ಸ್ಪೀಡು ಅಂತೀಯ?"

ಎಲ್ಲರೂ ನಕ್ಕೆವು. ಅಮ್ಮ ಬೂದುಗುಂಬಳಕಾಯಿಯ ತೊಟ್ಟಿನ ಹತ್ತಿರ ತೂತು ಮಾಡಿ ಕುಂಕುಮ ತುಂಬುತ್ತಿದ್ದಳು. ಅಲ್ಲಿಂದ ಔಟ್‌ಹೌಸಿಗೆ ಹೋಗುವ ಓಣಿಯಲ್ಲಿ ನಾನು ನಡೆದೆ. ಅಮ್ಮ ಕೊನೆಯವರೆಗೂ ಹೇಳಿದ್ದು, ಅಪ್ಪ ಲೋಟ ಬಡಿದರು, ಅದನ್ನು ಕೇಳಿ ನಾನು ಹೋದೆ ಎಂದು. ಅಷ್ಟೊಂದು ಹಾರ್ನಿನ ನಡುವೆ ಒಂದು ಚಮಚದ ಸದ್ದು? ತಂಗಿ ಹೇಳುವುದು, ಬೆಂಕಿಪೊಟ್ಟಣ ಒಳಗೇ ಉಳಿದಿತ್ತು, ತರಲು ಕಳಿಸಿದರು ಎಂದು. ಇದು ನಂಬುವಂಥದ್ದು. ನನ್ನದು ವಾಸನೆ. ಇದು ನಂಬುವಂಥದ್ದಲ್ಲ, ಆದರೆ ನನ್ನ ಮೂಗಿನಲ್ಲಿರುವುದು ಇದೇ.

ಒಳಗೆ ಕಂಡದ್ದನ್ನು ಬದಲಿಸಲು ನನಗೂ ಆಗುವುದಿಲ್ಲ. ಪರದೆಯ ಮೇಲೆ ಅಕ್ಷರಗಳು ಅರ್ಧ ತಿರುಗಿ ನಿಂತಿದ್ದವು, ನಮಗೆ ಬೆನ್ನು ಹಾಕಿ. ಕಾದ ಬಣ್ಣದ ವಾಸನೆ, ಹೊಸ ಕಬ್ಬಿಣದ ಒಲೆಯನ್ನು ಮೊದಲ ಸಲ ಉರಿಸಿದಾಗ ಬರುವಂಥದ್ದು. ಕೋಣೆಯ ಗಾಳಿ ಅಲುಗದೆ ನಿಂತಿತ್ತು. ಅಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಲೋಟ ನೆಲದ ಮೇಲೆ. ಚಮಚ ಮಂಚದ ಮೇಲೆ, ಅವರ ಅಂಗೈಯ ಪಕ್ಕ. ಲೋಟದ ನೀರು ನೆಲದ ಇಳಿಜಾರು ಹಿಡಿದು ಮೇಜಿನ ಕಡೆಗೆ ಹರಿದು, ಸ್ಪೈಕ್ ಬಸ್ಟರಿನ ಅಂಚಿಗೆ ಇನ್ನೇನು ತಾಗಬೇಕು, ತಾಗಿದೆಯೋ ತಿಳಿಯದು. ಅದರ ಕೆಂಪು ದೀಪ ನೀರಿನಲ್ಲಿ ಕಾಣುತ್ತಿತ್ತು.

ನನ್ನ ಕಾಲು ಬರಿಗಾಲು, ಪೂಜೆಯ ದಿನವಲ್ಲವೇ. ಸ್ವಿಚ್ಚಿನ ಹತ್ತಿರ ಹೋಗಬೇಕಾದರೆ ಆ ನೀರನ್ನು ತುಳಿಯಬೇಕು. ತುಳಿಯಲಿಲ್ಲ. ಅಪ್ಪನನ್ನು ಅಲ್ಲೇ ಬಿಟ್ಟು ಹೊರಗೆ ಓಡಿದೆ. ಮೇನ್ ಸ್ವಿಚ್ ಬಾಗಿಲಿನ ಹೊರಗೆ, ಮೀಟರಿನ ಕೆಳಗಿತ್ತು. ಅದಕ್ಕೆ ನೇತುಹಾಕಿದ್ದ ಮಾವಿನೆಲೆಯ ಗೊಂಚಲು ಕೈಗೆ ಸಿಕ್ಕಿ ಕಿತ್ತುಬಂತು. ಸ್ವಿಚ್ಚನ್ನು ಕೆಳಕ್ಕೆ ಎಳೆದೆ. ಒಳಗೆ ಯಂತ್ರದ ಉಸಿರು ಇಳಿದು ನಿಂತಿತು. ಅದೇ ಹೊತ್ತಿಗೆ ಗೇಟಿನಲ್ಲಿ ಕುಂಬಳಕಾಯಿ ಒಡೆಯಿತು. ಆ ಕ್ಷಣದ ನಂತರ ನನಗೆ ಕಾಣುವುದು ಅಪ್ಪನ ಮುಖ ಒರೆಸುತ್ತಿರುವ ನನ್ನ ಕೈ. ನನ್ನ ಪಂಚೆಯ ತುದಿಗೆ ವಿಭೂತಿ ಮೆತ್ತಿಕೊಂಡಿತ್ತು.

ಗೆಳೆಯ ಮಾರನೆಯ ದಿನ ಬಂದು ಬಿಚ್ಚಿದ. ಪೇಸ್ಟ್ ಒಣಗಿ ಸುಣ್ಣದ ಹಾಗಾಗಿತ್ತು. ದಿಮ್ಮಿಯ ಮೇಲಿನ ಚಿಕ್ಕ ಫ್ಯಾನಿನಲ್ಲಿ ಸೇವಂತಿಗೆಯ ಒಂದು ಎಸಳು ಇತ್ತು, ಅದು ರೆಕ್ಕೆಯನ್ನು ತಡೆದಿತ್ತೋ ಸುಮ್ಮನೆ ಬಿದ್ದಿತ್ತೋ ಅವನಿಗೂ ತಿಳಿಯಲಿಲ್ಲ. ಪವರ್ ಸಪ್ಲೈನಿಂದ ಬರುವ ಒಂದು ಪ್ಲಗ್ ಕಾದು ಕಂದುಬಣ್ಣಕ್ಕೆ ತಿರುಗಿತ್ತು.

"ಬೆಂಕಿ ಹತ್ತುತ್ತಿತ್ತೇನೋ?" ಎಂದು ಅಮ್ಮ ಕೇಳಿದಳು.

"ಹತ್ತತಿರ್ಲಿಲ್ರೀ ಅಮ್ಮಾರ. ಹ್ಯಾಂಗ್ ಆಗಿ ಸುಮ್ನ ಬಿದ್ದಿರ್ತಿತ್ತು." ಅವಳು ಅಡುಗೆಮನೆಗೆ ಹೋದ ಮೇಲೆ ಆ ಕಂದು ಪ್ಲಗ್ ತಿರುಗಿಸಿ ನೋಡುತ್ತ, ದನಿ ಇಳಿಸಿ, "ಲೇ, ಇದನ್ನ ಇಲ್ಲಿಂದ ತಗಿ," ಎಂದ.

ಹಳೆಯ ವೇಗಕ್ಕೆ ಇಳಿಸಿ, ಯಂತ್ರವನ್ನು ಅಡುಗೆಮನೆಯ ಮೂಲೆಗೆ ಒಯ್ದೆವು. ಅಲ್ಲಿಗೆ ಎಲೆಕ್ಟ್ರಿಷಿಯನ್ ಕರೆಸಿ ಹೊಸ ಸಾಕೆಟ್ ಹಾಕಿಸಿದೆವು. ಮೊದಲೇ ಮಾಡಬಹುದಾಗಿದ್ದ ಕೆಲಸ. ಈಗಲೂ ಯಾರಾದರೂ ಕಂಪ್ಯೂಟರಿನ ವೇಗ ಏರಿಸುವುದು ಹೇಗೆ ಎಂದು ನನ್ನನ್ನು ಕೇಳುತ್ತಾರೆ. ಗೆಳೆಯ ಹೇಳಿದ್ದನ್ನೇ ಹೇಳುತ್ತೇನೆ: ಒಂದೊಂದೇ ಮೆಟ್ಟಿಲು, ವೋಲ್ಟೇಜ್ ಮುಟ್ಟಬೇಡಿ, ಪೇಸ್ಟ್ ಅಕ್ಕಿಕಾಳಷ್ಟು, ವರ್ಷಕ್ಕೊಮ್ಮೆ ಒರೆಸಿ ಹೊಸದು ಹಚ್ಚಿ, ಧೂಳು ತೆಗೆಯಿರಿ. ಬಿಸಿ ಮಿತಿ ಮೀರಿದರೆ ತಾನೇ ಆಫ್ ಆಗುವ ಸೌಲಭ್ಯ ಇರುತ್ತದೆ, ಅದನ್ನು ಹಾಕಿಕೊಳ್ಳಿ. ನೀನು ಹಾಕಿದ್ದೆಯಾ ಎಂದು ಆಗ ಗೆಳೆಯ ಕೇಳಿದ್ದ, ಹಾಕಿದ್ದೆನೋ ಇಲ್ಲವೋ ನನಗೆ ನೆನಪಾಗಿರಲಿಲ್ಲ. ಮತ್ತೊಂದನ್ನು ನಾನೇ ಸೇರಿಸುತ್ತೇನೆ: ಯಂತ್ರದ ತಂಪು ಕೋಣೆಯ ಫ್ಯಾನಿನ ಮೇಲೆ ನಿಂತಿರಬಾರದು. ಕೋಣೆಯ ಫ್ಯಾನನ್ನು ಯಾರು ಬೇಕಾದರೂ, ಯಾವ ಒಳ್ಳೆಯ ಕಾರಣಕ್ಕೆ ಬೇಕಾದರೂ ನಿಲ್ಲಿಸಬಹುದು. ಕೇಳಿದವರು ನಗುತ್ತಾರೆ.

ಯಂತ್ರ ಹೋದ ಮೇಲೂ ಅಪ್ಪ ಕಾಲ್ದೆಸೆಯ ಖಾಲಿ ಜಾಗವನ್ನೇ ನೋಡುತ್ತಿದ್ದರು. ಪರದೆ ಇಲ್ಲದ್ದಕ್ಕೆ ಬೇಸರವೇ? ಅದು ಮತ್ತೆ ಬರಬಹುದೆಂಬ ದಿಗಿಲೇ? ಒಂದು ಮಧ್ಯಾಹ್ನ ಅವರ ಎಡಗೈ ಹಿಡಿದು ಕೂತು ಕೇಳಿದೆ. ಹೌದಾದರೆ ಒಂದು ಸಲ ಕೈ ಒತ್ತಿ, ಅಲ್ಲವಾದರೆ ಎರಡು ಸಲ ಎಂದೆ. ಅವರು ಒಪ್ಪಿದ ಹಾಗೆ ರೆಪ್ಪೆ ಆಡಿಸಿದರು.

"ಅವತ್ತು ನಮ್ಮನ್ನ ಕರೆದ್ರಾ ಅಪ್ಪ?"

ಕೈ ಸುಮ್ಮನಿತ್ತು.

"ಸೆಖೆ ಆಯ್ತಾ? ಫ್ಯಾನ್ ಹಾಕಿ ಅಂತ ಕರೆದ್ರಾ?"

ಸುಮ್ಮನಿತ್ತು.

"ಹೆದರಿಕೆ ಆಗಿತ್ತಾ? ಇಷ್ಟು ದಿನಾನೂ ಆಗ್ತಿತ್ತಾ?"

ಅವರು ನನ್ನ ಕೈ ಒತ್ತಿದರು. ಒತ್ತಿ ಬಿಡಲಿಲ್ಲ. ಬಿಟ್ಟಿದ್ದರೆ ಒಂದು ಎಂದು ಎಣಿಸಬಹುದಿತ್ತು, ಬಿಟ್ಟು ಮತ್ತೆ ಒತ್ತಿದ್ದರೆ ಎರಡು. ಬಿಡಲಿಲ್ಲ. ಸೀರೆ ಮಡಚುತ್ತಿದ್ದ ಕೈ, ಇನ್ನೂ ಗಟ್ಟಿಯಾಗಿತ್ತು. ಅಮ್ಮ ಕೆಲಸದಿಂದ ಬಂದು ಚಪ್ಪಲಿ ಬಿಡುವವರೆಗೂ ಹಾಗೇ ಕೂತಿದ್ದೆ ಎಂದು ನೆನಪು. ಅಷ್ಟು ಹೊತ್ತು ಕೂತಿರಲಿಕ್ಕಿಲ್ಲ.

ಅಪ್ಪ ಈಗಿಲ್ಲ, ಅಮ್ಮನೂ ಇಲ್ಲ. ಲೋಟ ಜಾರಿ ಬಿತ್ತೋ, ಅವರು ಬೀಳಿಸಿದರೋ ನನಗೆ ಗೊತ್ತಿಲ್ಲ. ನಾನು ದುಡಿಯುತ್ತಿದ್ದ ಅಷ್ಟೂ ಮಧ್ಯಾಹ್ನಗಳಲ್ಲಿ ಅವರು ಹೂವಿನ ದಳ ಉದುರುವುದನ್ನು ನೋಡುತ್ತಿದ್ದರೋ, ಬೆಂಕಿ ಹತ್ತುವುದನ್ನು ಕಾಯುತ್ತಿದ್ದರೋ, ಅದೂ ಗೊತ್ತಿಲ್ಲ.